ಸೆರಗಿನ ಗಂಟಿನಲ್ಲಿ ಹವಳ

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡ ಅಜ್ಜಿಯೊಬ್ಬರು ಸೆರಗಿನ ತುದಿಯ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಏನದು ಎಂದು ಕೇಳಿದೆ. ಮೊಮ್ಮಗಳ ಮದುವೆಯಂತೆ. ಅವರ ಮನೆಯಲ್ಲಿ ಅಜ್ಜಿಯ ತಾಳಿಸರದಿಂದ ಒಂದು ಹವಳ ತೆಗೆದು ಮದುಮಗಳ ಸರಕ್ಕೆ ಪೋಣಿಸುತ್ತಾರಂತೆ. ಗಂಟಿನಲ್ಲಿದ್ದದ್ದು ಆ ಹವಳ.

"ಬಾಳ ಕೆಂಪು ಐತ್ರಿ ಕಲ್ಲು," ಎಂದು ಗಂಟನ್ನು ತಟ್ಟಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. ಇದು ಕಲ್ಲಲ್ಲ, ಸಮುದ್ರದ ಸಣ್ಣ ಜೀವಗಳು ಒಟ್ಟಾಗಿ ಕಟ್ಟಿಕೊಂಡ ಮನೆ ಅಂದೆ. ಇದರ ದಾಯಾದಿಗಳಂತೂ ಸತ್ತವರ ಮನೆಯ ಮೇಲೆ ಹೊಸಬರು ಮನೆ ಹೂಡುತ್ತ ನೀರೊಳಗೆ ದಿಬ್ಬಗಳನ್ನೇ ಎಬ್ಬಿಸುತ್ತವೆ ಎಂದೂ ಹೇಳಿದೆ.

ಅಜ್ಜಿಯ ಕೈ ಗಂಟಿನಿಂದ ಸರಿಯಿತು. "ಪ್ರಾಣೀದಾ? ನಾವು ಮೊಟ್ಟೆ ಸಹ ಮುಟ್ಟಲ್ಲರೀ. ಇಷ್ಟು ವರ್ಷ ಲಿಂಗದ ಪಕ್ಕದಾಗೇ ಹಾಕ್ಕೊಂಡಿದ್ನಲ್ಲ."

ಹೇಳಬಾರದಿತ್ತು ಅನ್ನಿಸಿ ಬಸ್ಸು ಬರುವ ದಾರಿ ನೋಡತೊಡಗಿದೆ. ಅವರೇ ಕೇಳಿದರು: "ಇಷ್ಟು ಗಟ್ಟಿ ಮನೆ ಕಟ್ಟೋವು ಎಷ್ಟು ದಪ್ಪ ಇರ್ತಾವೆ?"

"ರಾಗಿಕಾಳಿನಷ್ಟು ಇರಬಹುದು ಅಜ್ಜಿ."

"ಕೈಕಾಲು?"

"ಇಲ್ಲ. ಬಾಯಿ ಸುತ್ತ ಎಳೆಯಂಥ ಬೆರಳು ಮಾತ್ರ."

ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿದು ಕೂತ ಮೇಲೆ, ಹವಳವನ್ನು ಮೊಮ್ಮಗಳಿಗೆ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದೆ.

"ಕೊಡದೆ ಮತ್ತೆ? ಮನೆ ಕಟ್ಟಿದ ಜೀವ," ಎನ್ನುತ್ತ ಅಜ್ಜಿ ಸೆರಗಿನ ಗಂಟು ಬಿಚ್ಚತೊಡಗಿದರು. "ಬಾಳ ಬಿಗಿಯಾಗಿ ಕಟ್ಟಿಬಿಟ್ಟಿದ್ದೆ, ಪಾಪ."

ದುರ್ಗ ಮುಟ್ಟುವವರೆಗೂ ಹವಳ ಅವರ ತೆರೆದ ಅಂಗೈಯಲ್ಲೇ ಇತ್ತು. ಬಸ್ಸು ಕುಲುಕಿದಾಗ ಮಾತ್ರ ಇನ್ನೊಂದು ಕೈಯನ್ನು ಅದಕ್ಕೆ ತಾಗದ ಹಾಗೆ ಮೇಲೆ ಹಿಡಿಯುತ್ತಿದ್ದರು.