ದೇವದುರ್ಗದ ಮಾಸ್ತರು ಹೇಳಿದ ಕೊನೆ

ಆ ಸಿನಿಮಾ ನಡುವೆ ನಿಲ್ಲದೇ ಹೋಗಿದ್ದರೆ ನಾನು ಅವರೊಡನೆ ಮಾತಾಡುತ್ತಲೇ ಇರಲಿಲ್ಲ. ರಾಯಚೂರಿನಲ್ಲಿ ನನ್ನ ಮನೆಯ ಹಿಂದಿನ ಬೀದಿಯ ವಾಚನಾಲಯದವರು ಭಾನುವಾರ ಮಧ್ಯಾಹ್ನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಹಳೆಯ ಚಿತ್ರ ತೋರಿಸುತ್ತಿದ್ದರು. ಐವತ್ತು ದಾಟಿದ, ಮದುವೆಯಾಗದ ಹೆಂಗಸಿಗೆ ಭಾನುವಾರದ ಮಧ್ಯಾಹ್ನ ಮುಗಿಯುವುದೇ ಇಲ್ಲ. ಚಿತ್ರ ಯಾವುದಾದರೂ ಸರಿ, ಹೋಗಿ ಕುಳಿತುಬಿಡುತ್ತಿದ್ದೆ.

ಅಂದು ಹಾಕಿದ್ದು ಕಪ್ಪು ಬಿಳುಪಿನ ಉರ್ದು ಚಿತ್ರ. ಊರಿನ ನಮ್ಮ ಅಕ್ಕಿ ಮಿಲ್ಲಿಗೆ ಬರುತ್ತಿದ್ದ ದಲಾಲರ ದಖ್ಖನಿ ಉರ್ದು ಕೇಳುತ್ತ ಬೆಳೆದವಳಾದ್ದರಿಂದ ಮಾತು ಮುಕ್ಕಾಲುಪಾಲು ಅರ್ಥವಾಗುತ್ತಿತ್ತು. ಜಹಗೀರದಾರನ ಒಬ್ಬಳೇ ಮಗಳು ಹವೇಲಿಗೆ ಗಡಿಯಾರ ರಿಪೇರಿ ಮಾಡಲು ಬರುವ ತರುಣನನ್ನು ಮೆಚ್ಚುತ್ತಾಳೆ. ಅವನನ್ನು ಕಟ್ಟಿಕೊಂಡರೆ ಆಸ್ತಿಯೆಲ್ಲ ಚಿಕ್ಕಪ್ಪನ ಪಾಲು ಎಂದು ಹೇಳಿ ಅಪ್ಪ ಕಣ್ಣು ಮುಚ್ಚುತ್ತಾನೆ. ಆಕೆ ಬೀಗದ ಕೈ ಗೊಂಚಲನ್ನು ಹಿಡಿದು ಹವೇಲಿಯ ಹೊಸ್ತಿಲ ಮೇಲೆ ನಿಂತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಸ್ವಲ್ಪ ಹೊತ್ತು ಕಾದು, ಎಲ್ಲರೂ ಬೀಸಣಿಗೆಯಂತೆ ಕೈ ಆಡಿಸುತ್ತ ಎದ್ದರು.

ಗೇಟಿನ ಹತ್ತಿರ ನಾನು ಯಾರಿಗೆಂದಿಲ್ಲದೆ, "ಮುಂದ ಏನಾತೋ ಏನೋ" ಎಂದೆ.

"ನಾ ಹೇಳ್ಳೇನ್ರಿ?" ಎಂದರು ಚಪ್ಪಲಿ ಹುಡುಕುತ್ತಿದ್ದ ಒಬ್ಬರು. ದೇವದುರ್ಗದ ಕಡೆಯ ನಿವೃತ್ತ ಮಾಸ್ತರು. ಹೆಂಡತಿ ತೀರಿಕೊಂಡ ಮೇಲೆ ರಾಯಚೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. "ಸಣ್ಣಾಂವ ಇದ್ದಾಗ ಊರಾಗ ಟೂರಿಂಗ್ ಟಾಕೀಸಿನಾಗ ನೋಡೀನ್ರಿ. ಅಕಿ ಬೀಗದ ಕೈ ಕಾಕಾನ ಮುಂದ ಒಗದು ಹೊಳಿ ದಂಡಿಗಿ ಓಡ್ತಾಳ. ಅಲ್ಲಿ ಅಂವ ದೋಣ್ಯಾಗ ಕುಂತಿರ್ತಾನ. ಇಬ್ರೂ ಹೊಳಿ ದಾಟ್ತಾರ. ಶುಭಂ."

"ಅಕಿ ಎಲ್ಲಾ ಬಿಟ್ಟು ಬಂದ್ಲು. ಅಂವ ಏನು ಬಿಟ್ಟ?"

ಅವರು ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ನಕ್ಕರು. "ಇಷ್ಟು ವರ್ಷದಾಗ ನನಗ ಈ ಪ್ರಶ್ನಿ ಬಂದಿದ್ದಿಲ್ಲ ನೋಡ್ರಿ."

ಆಮೇಲೆ ಆ ಚಿತ್ರ ನನಗೆ ಫೋನಿನಲ್ಲಿ ಸಿಕ್ಕಿತು. ಅದರಲ್ಲಿ ನಾಯಕಿ ಹೊಳೆದಂಡೆಗೆ ಬರುವ ಹೊತ್ತಿಗೆ ನಾವೆ ಹೋಗಿಬಿಟ್ಟಿರುತ್ತದೆ. ಆಕೆ ವಾಪಸು ಬಂದು ಹವೇಲಿಯ ಕೋಣೆಕೋಣೆಗೂ ತಾನೇ ದೀಪ ಹಚ್ಚುತ್ತಾಳೆ. ಮುಂದಿನ ಭಾನುವಾರ ಮಾಸ್ತರಿಗೆ ಇದನ್ನು ಹೇಳಿದಾಗ ಅವರು ಮಂಕಾದರು. "ಹಂಗಾರ ಅವತ್ತು ನಾ ನಿದ್ದಿ ಹೊಡದಿರಬೇಕ್ರಿ. ಮನಿಗಿ ಬರೂಮುಂದ ನಮ್ಮವ್ವ ಹೇಳಿದ ಕತಿ ಅದು" ಎಂದರು.

ಮಗನ ಸಲುವಾಗಿ ದಾರಿಯಲ್ಲೇ ಕತೆಯನ್ನು ನೆಟ್ಟಗೆ ಮಾಡಿದ ಆ ತಾಯಿ ನನಗೆ ಬಹಳ ಹಿಡಿಸಿದಳು. ಮಾಸ್ತರೂ ಹಿಡಿಸಿದರು. ಚಿತ್ರ ಮುಗಿದ ಮೇಲೆ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುವುದು ರೂಢಿಯಾಯಿತು. ಅವರು ಬರುವ ದಿನ ನಾನು ಹೊಸ ಸೀರೆ ಉಡುತ್ತಿದ್ದೆ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಕೇಳಿದರು: "ಇಬ್ರೂ ಒಂದ ಮನ್ಯಾಗ ಇದ್ರ ಹೆಂಗ್ರಿ? ಲಗ್ನ ಆಗಿ?"

ನನಗೆ ಕೂಡಲೇ ನೆನಪಾದದ್ದು ನಮ್ಮಪ್ಪ. ಪೋತ್ನಾಳದಲ್ಲಿ ನಮ್ಮದು ಅಕ್ಕಿ ಮಿಲ್ಲು. ನಾನು ಒಬ್ಬಳೇ ಮಗಳು. ನನ್ನನ್ನು ನೋಡಲು ಮಾನ್ವಿಯಿಂದ, ಸಿಂಧನೂರಿನಿಂದ ಗಂಡುಗಳು ಬಂದರು. ಪ್ರತಿ ಸಲವೂ ಅಪ್ಪ ಅವರನ್ನು ಕಳಿಸಿ ಬಂದು, "ಯವ್ವಾ, ಇಂವ ನಿನಗಿಂತ ಮೊದಲು ಮಿಲ್ಲಿನ ಚಿಮಣಿ ನೋಡಿದ" ಎನ್ನುತ್ತಿದ್ದ. ಒಬ್ಬಾತ ನಿಜವಾಗಿಯೂ ಹಾಗೆ ನೋಡಿದ್ದನ್ನು ನಾನೇ ಕಂಡಿದ್ದೆ. ಆದರೆ ಇನ್ನೊಬ್ಬಾತ ನೋಡಿದ್ದನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಅಪ್ಪ ಹೋದ ಮೇಲೆ ಮಿಲ್ಲು ನನ್ನ ಹೆಸರಿಗೆ ಬಂತು. ಅದನ್ನು ಬಾಡಿಗೆಗೆ ಕೊಟ್ಟು ನಾನು ರಾಯಚೂರು ಸೇರಿದೆ. ಅಪ್ಪನ ಅನುಮಾನವೂ ನನ್ನ ಜೊತೆಗೇ ಬಂದಿತ್ತು.

ಮಾಸ್ತರಿಗೆ ನೇರವಾಗಿ ಹೇಳಿದೆ: "ಸರ್, ಆ ಮಿಲ್ಲು ನಾ ನಮ್ಮ ದೊಡ್ಡಪ್ಪನ ಮಮ್ಮಕ್ಕಳಿಗಿ ಕೊಡಾಕಿ."

"ಯಾವ ಮಿಲ್ಲ್ರಿ?" ಎಂದರು ಅವರು.

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ದಿನ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಹಿಂದೆಂದೂ ಅಷ್ಟು ಹಗುರಾದದ್ದು ನೆನಪಿಲ್ಲ.

ನಾನು ಒಪ್ಪಿದ ಮೇಲೆ, ತಮ್ಮ ಮಗಳಿಗೆ ತಿಳಿಸಬೇಕೆಂದು ಅವರು ನನ್ನನ್ನು ದೇವದುರ್ಗಕ್ಕೆ ಕರೆದೊಯ್ದರು. ಅವರ ಮನೆಯಲ್ಲಿ ಈಗ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು. ಆಕೆ ನಗುತ್ತಲೇ ಕರೆದಳು. ಚುರುಮುರಿಯ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿ ಭಜಿ ತಂದಿಟ್ಟಳು. ಮಾಸ್ತರು ಕೆಮ್ಮಿ, ತಡವರಿಸಿ, ವಿಷಯ ಹೇಳಿ ಮುಗಿಸಿದರು. ಆಕೆ ಅಪ್ಪನನ್ನು ಬಿಟ್ಟು ನನ್ನ ಕಡೆಗೇ ತಿರುಗಿದಳು.

"ಆಂಟಿ, ತಪ್ಪು ತಿಳೀಬ್ಯಾಡ್ರಿ. ಅಪ್ಪನ ಹೆಸರಿಲೆ ಇರೂದು ಇದೊಂದ ಮನಿ. ನಾಳಿ ನಾವು ಎಲ್ಲಿಗಿ ಹೋಗ್ಬೇಕು?"

ಕಚ್ಚಿದ್ದ ಮಿರ್ಚಿಯನ್ನು ತಟ್ಟೆಗಿಟ್ಟೆ. "ನನಗ ನಿಮ್ಮ ಮನಿ ಬ್ಯಾಡವ್ವಾ. ಬೇಕಂದ್ರ ಈಗ ಬರಕೊಡ್ತೀನಿ."

"ಈಗ ಹಂಗ ಅಂತೀರಿ," ಎಂದಳು ಆಕೆ ಮೆಲ್ಲಗೆ. "ಎಲ್ಲಾರೂ ಮೊದ್ಲ ಹಂಗ ಅಂತಾರ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಅಂಜಿಕೆ. ನಮ್ಮಪ್ಪ ವಾಪಸು ಕಳಿಸಿದ ಗಂಡುಗಳೆಲ್ಲ ನಮ್ಮ ಪಡಸಾಲೆಯಲ್ಲಿ ಹೇಗೆ ಕುಳಿತಿದ್ದರೋ, ಹಾಗೆ ನಾನು ಅಲ್ಲಿ ಕುಳಿತಿದ್ದೆ. ನನ್ನ ಮಾತು ನಿಜವೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮಾಸ್ತರ ಕಡೆ ನೋಡಿದೆ. ಅವರು ಚಹಾದ ಬಟ್ಟಲನ್ನೇ ನೋಡುತ್ತಿದ್ದರು. ಮೊಮ್ಮಗಳು ಬಂದು ಅವರ ತೊಡೆಯ ಮೇಲೆ ಕುಳಿತಳು. ಅವರು ಅವಳ ಜಡೆ ಸರಿಮಾಡತೊಡಗಿದರು.

ಬಸ್ ಸ್ಟ್ಯಾಂಡಿನವರೆಗೂ ಅವರು ಬಂದರು. "ಸ್ವಲ್ಪ ದಿನ ತಡೀರಿ. ತಿಳಿಸಿ ಹೇಳ್ತೀನಿ" ಎಂದರು. ಹೂಂ ಎಂದೆ. ಬಸ್ಸು ಅರಕೇರಾ ದಾಟುವವರೆಗೂ ಪಕ್ಕದ ಹೆಂಗಸು ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಲೇ ಇದ್ದಳು. ಕಡೆಗೆ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಅವರು ತಿಳಿಸಿ ಹೇಳಲಿಲ್ಲವೋ, ಹೇಳಿದರೂ ಆಕೆ ಕೇಳಲಿಲ್ಲವೋ, ನಾನು ವಿಚಾರಿಸಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಅವರು ಬಾಡಿಗೆ ಕೋಣೆ ಬಿಟ್ಟು ದೇವದುರ್ಗಕ್ಕೆ ಹೋದರು. ಮೊಮ್ಮಕ್ಕಳನ್ನು ಶಾಲೆಗೆ ಬಿಡುವವರು ಯಾರೂ ಇಲ್ಲ ಎಂದು ಕಾರಣ ಹೇಳಿದರು. ಅದು ಸುಳ್ಳಾಗಿರಲಿಕ್ಕಿಲ್ಲ. ಅವರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಈಗಲೂ ಒಮ್ಮೊಮ್ಮೆ ಸಂಜೆ ಫೋನು ಬರುತ್ತದೆ. ಮೊನ್ನೆ ಮಳೆಯ ಸುದ್ದಿ ಹೇಳಿದರು, ಮೊಣಕಾಲು ನೋವಿನ ಸುದ್ದಿ ಹೇಳಿದರು. "ನೀವು ಹೆಂಗದೀರಿ?" ಎಂದರು. "ಅದೀನ್ರಿ" ಎಂದೆ. ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಅವರ ಉಸಿರು ಕೇಳುತ್ತಿತ್ತು. ಹಿಂದಿನಿಂದ ಮಗಳ ದನಿ ಬಂತು: "ಯಪ್ಪಾ, ಊಟಕ್ಕ ಬಾ."

"ಇಡ್ತೀನ್ರಿ" ಎಂದರು.

ನಾನು ಎದ್ದು ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದು ಒಲೆಗಿಟ್ಟೆ.