ದರ್ಜೆ ಇಳಿಸಿದವಳು

ಯಾವ ಸಾಲ ಎಷ್ಟು ಭದ್ರ ಎಂದು ನೋಡಿ ದರ್ಜೆ ಕೊಡುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹೆಡ್‌ಮಿಸ್ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಕಂಪನಿಗಳ ಲೆಕ್ಕ ನೋಡಿ, ಯಾರ ಮುಲಾಜಿಗೂ ಬೀಳದೆ ಅಂಕ ಹಾಕಿದವಳು. ‘ಒಂದು ಮೆಟ್ಟಿಲು ಏರಿಸಮ್ಮಾ’ ಎಂದು ಯಾರಾದರೂ ಹಲ್ಲು ಗಿಂಜಿದರೆ, ‘ಮೊಣಕಾಲು ನೋವು ಸಾರ್’ ಎನ್ನುವಳು.

ಒಂದು ಸೋಮವಾರ ಅವಳ ಮೇಜಿಗೆ ಬಂದ ಕಡತ ಆಸ್ಪತ್ರೆ ಮಂಚ ಮಾಡುವ ಕಾರ್ಖಾನೆಯದು. ಅವಳ ತಮ್ಮ ಅಲ್ಲೇ ವೆಲ್ಡರ್. ಅದನ್ನು ತನ್ನ ಮ್ಯಾನೇಜರಿಗೆ ಹೇಳಿದಳು.

“ಷೇರು ಗೀರು ಇದೆಯಾ? ಬರೀ ಸಂಬಳ ತಾನೇ? ಪರವಾಗಿಲ್ಲ, ನೀವೇ ನೋಡಿ. ಮನೇಲಿ ಮಾತ್ರ ಬಾಯಿ ಬಿಡಬೇಡಿ.”

ಹೊಸ ಮಾಲೀಕರು ಕಾರ್ಖಾನೆಯನ್ನು ಸಾಲ ಮಾಡಿ ಕೊಂಡು, ಆ ಸಾಲವನ್ನು ಕಾರ್ಖಾನೆಯ ತಲೆಗೇ ಕಟ್ಟಿದ್ದರು. ಸಾಲ ಕೊಟ್ಟವರು ಅದನ್ನು ಇಂಥದೇ ನೂರಾರು ಸಾಲಗಳ ಜೊತೆ ಮೂಟೆ ಕಟ್ಟಿ, ಹೋಳು ಮಾಡಿ ಹೂಡಿಕೆದಾರರಿಗೆ ಮಾರಿದ್ದರು. ಬಡ್ಡಿ ಏರಿತ್ತು, ಮಂಚ ಮಾರಿ ಬಂದದ್ದೆಲ್ಲ ಅದರ ಬಾಯಿಗೇ ಹೋಗುತ್ತಿತ್ತು. ಮೂಟೆಯಲ್ಲಿ ತೀರಾ ಕೆಳದರ್ಜೆಯ ಸಾಲ ಮಿತಿ ಮೀರುವಂತಿಲ್ಲ. ದರ್ಜೆ ಇಳಿದರೆ ಮೂಟೆ ನೋಡಿಕೊಳ್ಳುವವರೆಲ್ಲ ಆ ಸಾಲವನ್ನು ಬಂದಷ್ಟಕ್ಕೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಕಾರ್ಖಾನೆಗೆ ಹೊಸ ಸಾಲ ಹುಟ್ಟುವುದಿಲ್ಲ.

ಆ ಭಾನುವಾರ ತಮ್ಮ ಬಂದ.

“ಅಕ್ಕಾ, ಗ್ರಿಲ್ ಮಾಡೋ ಶೆಡ್ಡಿಂದ ಕರೀತಿದಾರೆ. ಸಂಬಳ ಕಮ್ಮಿ. ನಾಳೆ ಹೇಳ್ಬೇಕು. ಹೋಗ್ಲಾ?”

“ನಿನ್ನ ಕೆಲಸ ನಿಂಗೇ ಗೊತ್ತು.”

“ನಮ್ಮ ಕಂಪನಿ ಹೇಗಿದೆ ಅಂತ ನಿಂಗೇನಾದ್ರೂ...”

“ನಂಗೇನೂ ಗೊತ್ತಿಲ್ಲ ಕಣೋ.”

ತಮ್ಮನ ಮುಖ ಅರಳಿತು. “ನಿನ್ನ ಕಿವಿಗೇ ಏನೂ ಬಿದ್ದಿಲ್ಲ ಅಂದ್ಮೇಲೆ ನಂಗ್ಯಾಕೆ ಭಯ?” ಎಂದು ಮಂಚದ ಕಾರ್ಖಾನೆಯಲ್ಲೇ ಉಳಿದ.

ಗುರುವಾರ ಅವಳು ದರ್ಜೆ ಇಳಿಸಿದಳು. ಲೆಕ್ಕ ಅದನ್ನೇ ಹೇಳುತ್ತಿತ್ತು. ಏಳು ವಾರಕ್ಕೆ ಗೇಟಿಗೆ ಬೀಗ ಬಿತ್ತು.

ತಮ್ಮ ಮತ್ತೆ ಬಂದಾಗ ಒಳಗೆ ಕಾಲಿಡಲಿಲ್ಲ.

“ಯೂನಿಯನ್‌ನವರು ದರ್ಜೆ ಇಳಿಸಿದ ಕಾಗದ ತೋರಿಸಿದ್ರು. ಕೆಳಗೆ ನಿನ್ನ ಹೆಸರಿತ್ತು.”

“ಬರೆದದ್ದು ಸರಿಯಾಗೇ ಇತ್ತು ಕಣೋ.”

“ಬರೆದದ್ದನ್ನ ಯಾರು ಕೇಳಿದ್ರು? ನಾನು ಕೇಳಿದ ದಿನ ‘ಹೋಗು’ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?”

ಹೇಳಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಶೆಡ್ಡಿನವರು ಅಷ್ಟರಲ್ಲಿ ಬೇರೊಬ್ಬನನ್ನು ಸೇರಿಸಿಕೊಂಡಿದ್ದರು. ತಮ್ಮ ಈಗ ಗೋದಾಮಿನಲ್ಲಿ ದಿನಗೂಲಿಗೆ ಲಾರಿ ತುಂಬಿಸುತ್ತಾನೆ. ಅವಳು ಕಳಿಸಿದ ಹಣ ಎರಡು ಸಲ ವಾಪಸು ಬಂತು. ಮೂರನೆಯ ಸಲ ಅವಳು ಕಳಿಸಲಿಲ್ಲ.

ವರ್ಷದ ಕೊನೆಗೆ ಮುನ್ನೋಟದ ವರದಿ ಬರೆಯುವ ಪಾಳಿಯೂ ಅವಳದೇ ಆಯಿತು. ಮುಂದಿನ ವರ್ಷ ಇಂಥ ಸಾಲಗಳು ಇನ್ನಷ್ಟು ಮುಳುಗಲಿವೆ ಎಂದು ಬರೆದಳು. ಜೊತೆಗಿದ್ದ ಗೋಪ್ಯ ಪಟ್ಟಿಯಲ್ಲಿ ಮುಳುಗಬಹುದಾದ ಹನ್ನೊಂದು ಕಾರ್ಖಾನೆಗಳ ಹೆಸರುಗಳಿದ್ದವು. ಒಂದೊಂದರಲ್ಲೂ ಎಷ್ಟು ಜನ ದುಡಿಯುತ್ತಾರೆಂದು ಹುಡುಕಿ, ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದುಕೊಂಡಳು. ಕಡತ ಮೇಲಕ್ಕೆ ಕಳಿಸುವ ಮುಂಚೆ ಆ ಸಂಖ್ಯೆಗಳನ್ನು ಅಳಿಸಬೇಕಾಯಿತು.