ಬಂದಗಿಸಾಬನ ಬೆರಳು

ಮುಂಜಾನೆಯ ನಮಾಜು ಮುಗಿಸಿದ ಬಂದಗಿಸಾಬ ನೇರ ಗ್ಯಾರೇಜಿಗೆ ಹೋಗುತ್ತಿದ್ದ. ಚಹಾ ಆಮೇಲೆ. ರಿಪೇರಿ ಮಾಡಿದ ಗಾಡಿಯ ಇಂಜಿನ್ನಿನ ಕೆಳಗೆ ಹಿಂದಿನ ಸಂಜೆಯೇ ಹಳೆಯ ಪೇಪರು ಹಾಸಿಟ್ಟಿರುತ್ತಿದ್ದ. ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ ಅದನ್ನು ನೋಡುವನು. ಅದರ ಮೇಲೆ ಎಣ್ಣೆಯ ಹನಿ ಬಿದ್ದಿದ್ದರೆ ಗಾಡಿ ಬಿಡುತ್ತಿರಲಿಲ್ಲ. ಈಚೆಗೆ ಬಾಗಿದವನಿಗೆ ಏಳುವುದೇ ದೊಡ್ಡ ಕೆಲಸವಾಗಿತ್ತು. ಬಂಪರು ಹಿಡಿದು, "ಯಾ ಅಲ್ಲಾ" ಎಂದು ಏಳಬೇಕು.

ಸಿಂದಗಿಯ ಇಂಡಿ ರಸ್ತೆಯಲ್ಲಿ ಅವನ ತಗಡಿನ ಗ್ಯಾರೇಜು. ಎಲ್ಲಿಗೆ ಯಾವ ಅಂಟು ಎನ್ನುವುದರಲ್ಲಿ ಅವನು ಬಲು ಹಟಮಾರಿ. ನೀರಿನ ಪಂಪಿನ ಸಂದು ಮುಚ್ಚುವ ಕಾಗದದ ಗ್ಯಾಸ್ಕೆಟ್ಟಿಗೆ ಕೆಂಪು ಅರಗಿನ ಅಂಟು. ಇಂಜಿನ್ನಿನ ಹೆಡ್ಡಿಗೆ ಏನೂ ಬೇಡ, ಒಣ ಗ್ಯಾಸ್ಕೆಟ್ಟೇ ಸಾಕು. ಕೆಳಗಿನ ಎಣ್ಣೆಯ ತೊಟ್ಟಿಗೆ ಮಾತ್ರ ಟ್ಯೂಬಿನ ಕಪ್ಪು ಸಿಲಿಕಾನ್, ಅದೂ ಶಾವಿಗೆಯ ಎಳೆಯಷ್ಟು. ಬಳಿದ ಕೂಡಲೇ ಮುಚ್ಚುವಂತಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಪದರು ಕಟ್ಟಬೇಕು. ಆ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಮಳೆಗಾಲದಲ್ಲಿ ಬೇಗ, ಬೇಸಿಗೆಯ ಒಣಗಾಳಿಗೆ ನಿಧಾನ. ಹಾಗಾಗಿ ಟ್ಯೂಬಿನ ಮೇಲೆ ಬರೆದ ಹೊತ್ತನ್ನು ಅವನು ನಂಬುತ್ತಿರಲಿಲ್ಲ. ತೋರುಬೆರಳು ಮುಟ್ಟಿಸುವನು, ಅಂಟದಿದ್ದರೆ ಮುಚ್ಚುವನು. "ಬಂದಗಿಸಾಬ ಬೆರಳ ಹಚ್ಚ್ಯಾನಂದ್ರ ಮುಗೀತ್ ಬಿಡೋ" ಎನ್ನುತ್ತಿದ್ದರು ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು. ಆ ಮಾತಿನ ಮೇಲೆಯೇ ಅವನ ಮನೆ ನಡೆದಿತ್ತು.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಎಣ್ಣೆ ಸೋರುತ್ತದೆಂದು ಸ್ಟ್ಯಾಂಡಿನ ಹಿರಿಯ ಡ್ರೈವರ್ ಚನ್ನಬಸಯ್ಯ ತನ್ನ ಬಾಡಿಗೆ ಅಂಬಾಸಿಡರ್ ತಂದು ಬಿಟ್ಟಿದ್ದ. ಬಂದಗಿಸಾಬ ತೊಟ್ಟಿ ಬಿಚ್ಚಿ ತೊಳೆದ, ಅಂಟು ಎಳೆದ, ಬೆರಳು ಮುಟ್ಟಿಸಿ ಮುಚ್ಚಿದ. ಮರುದಿನವಿಡೀ ಒಣಗಲು ಬಿಟ್ಟು ಸಂಜೆ ಎಣ್ಣೆ ಹಾಕಿದ. ಬೆಳಗ್ಗೆ ಪೇಪರು ಸ್ವಚ್ಛವಾಗಿತ್ತು. ಗಾಡಿ ಆಲಮಟ್ಟಿಯ ಬಾಡಿಗೆಗೆ ಹೋಯಿತು.

ಮಧ್ಯಾಹ್ನ ಅದು ಟ್ರ್ಯಾಕ್ಟರಿನ ಹಿಂದೆ ಹಗ್ಗಕ್ಕೆ ಜೋತು ಬಂತು.

"ಹೂವಿನಹಿಪ್ಪರಗಿ ದಾಟಿದ್ನೋ ಇಲ್ಲೋ, ಎಣ್ಣಿ ಲೈಟ್ ಹತ್ತೇ ಬಿಡ್ತು ಮಾರಾಯಾ," ಎಂದ ಚನ್ನಬಸಯ್ಯ. "ಗಪ್ಪನ ಬಂದ್ ಮಾಡೇನಿ. ಅದಕ ಇಂಜಿನ್ ಜೀವ ಉಳೀತು."

ಬಂದಗಿಸಾಬ ಗಾಡಿಯ ಅಡಿಗೆ ನುಸುಳಿ ತೊಟ್ಟಿ ಬಿಚ್ಚಿದ. ಎಣ್ಣೆ ಹೀರುವ ಜಾಲರಿಗೆ ಕಪ್ಪು ಸಿಲಿಕಾನಿನ ತುಣುಕುಗಳು ಮೆತ್ತಿಕೊಂಡು ಎಣ್ಣೆ ಮೇಲೇರದಂತೆ ತಡೆದಿದ್ದವು. ಹಸಿ ಇರುವಾಗಲೇ ಮುಚ್ಚಿದ್ದಕ್ಕೆ ಅಂಟು ಒಳಕ್ಕೆ ಹಿಂಡಿಹೋಗಿ, ಹರಿದು ಬಿದ್ದಿತ್ತು. ಹೊರಗೆ ಸೋರಿದ್ದರೆ ಪೇಪರು ಹೇಳುತ್ತಿತ್ತು.

ಅವನು ಒಂದು ತಗಡಿನ ಚೂರಿನ ಮೇಲೆ ಹೊಸದಾಗಿ ಅಂಟು ಎಳೆದು ಕೂತ. ಊಟದ ಬುತ್ತಿ ತಂದ ಹೆಂಡತಿ ಮುಮ್ತಾಜ ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಅವನು ಬೆರಳು ಮುಟ್ಟಿಸಿ, "ಒಣಗೇತಿ" ಎಂದ.

"ಎಲ್ಲೀದ್ರಿ? ಬೆರಳ ನೋಡ್ಕೋರಿ, ಕಾಡಿಗಿ ಹಚ್ಚಿದಂಗ ಆಗೇತಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಮೊನ್ನಿ ಬಿಸಿ ಹಂಚ ಹಿಡದಾಗೂ ನಿಮಗ ಗೊತ್ತಾಗಲಿಲ್ಲ. ಸಕ್ರಿ ಬ್ಯಾನಿ ಬೆರಳ ತನಕಾ ಬಂತೇನ್ರಿ?"

ಅವನು ಬೆರಳನ್ನು ಚಿಂದಿಯಿಂದ ಒರೆಸಿದ, ಮತ್ತೆ ಒರೆಸಿದ. ಬೆರಳಿಗೆ ಬಟ್ಟೆಯ ಸ್ಪರ್ಶವೂ ತಿಳಿಯಲಿಲ್ಲ.

ಚನ್ನಬಸಯ್ಯ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತ. "ತಲಿ ಕೆಡಿಸ್ಕೋಬ್ಯಾಡೋ. ಟ್ಯೂಬ್ ಹಳೇದಿತ್ತು ಅಂತ ಸ್ಟ್ಯಾಂಡಿನ್ಯಾಗ ನಾನ ಹೇಳ್ತೇನಿ. ನನ್ನ ಮಾತು ಯಾರೂ ತಗದ್ ಹಾಕೂದಿಲ್ಲ. ಇಲ್ಲಂದ್ರ ನಾಳಿಂದ ಒಂದ ಗಾಡೀನೂ ಇಲ್ಲಿಗೆ ಬರೂದಿಲ್ಲ ನೋಡು."

ಮುಮ್ತಾಜ ಗಂಡನ ಮುಖವನ್ನೇ ನೋಡುತ್ತಿದ್ದಳು. ಬಂದಗಿಸಾಬನಿಗೆ ಒಮ್ಮೆಲೇ ಬಹಳ ದಣಿವಾದಂತೆ ಕಂಡಿತು.

"ಬ್ಯಾಡ್ರಿ ಅಯ್ಯಾರ," ಎಂದ. "ಟ್ಯೂಬ್ ಹೊಸಾದು, ಮೊನ್ನೇನ ಒಡದದ್ದು. ಹಂಗ ಹೇಳಬ್ಯಾಡ್ರಿ. ಕೇಳಿದವ್ರಿಗೆ, ಬಂದಗಿಸಾಬನ ಬೆರಳಿಗೆ ತಿಳಿಯವಲ್ದು ಅನ್ರಿ."